ಮನೆಯಲ್ಲೇ ಪ್ರೊಜೆಕ್ಟರ್ ಪರದೆ: ಯಾವ ಬಟ್ಟೆ, ಯಾವ ಹಲಗೆ, ಯಾವ ಬಣ್ಣ?

ಪ್ರೊಜೆಕ್ಟರ್ ತಂದ ಮೇಲೆ ಬಹಳ ಜನ ಕೆಲವು ದಿನ ಗೋಡೆಯ ಮೇಲೇ ಸಿನಿಮಾ ನೋಡುತ್ತಾರೆ. ಆಮೇಲೆ ಪ್ರಶ್ನೆ ಶುರುವಾಗುತ್ತದೆ. "ಪರದೆ ನಾನೇ ಮಾಡ್ಕೊಳ್ತೀನಿ, ಯಾವ ಬಟ್ಟೆ ತಗೊಳ್ಳಲಿ? ಬೆಡ್‌ಶೀಟ್ ಸಾಕಾ? ಬೂದು ಬಣ್ಣ ಹೊಡೆದರೆ ಕಪ್ಪು ಚೆನ್ನಾಗಿ ಬರುತ್ತಂತೆ, ಹೌದಾ?" ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಕೆಲಸ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ದೀಪ ಆರಿಸಿ ನೋಡುವ ಮನೆಗೆ ಹೊಳಪಿಲ್ಲದ ಬಿಳಿ ಪರದೆ ಸಾಕು. ಮರದ ಚೌಕಟ್ಟಿಗೆ ಬಿಗಿದ ಬ್ಲಾಕ್‌ಔಟ್ ಬಟ್ಟೆ (ಬೆಳಕು ದಾಟದ ಕರ್ಟನ್ ಲೈನಿಂಗ್), ಇಲ್ಲವೇ ನುಣ್ಣಗೆ ಮಾಡಿದ ಗೋಡೆಗೆ ಮ್ಯಾಟ್ ಬಿಳಿ ಪೇಂಟ್. ಬೆಳ್ಳಿ ಪುಡಿ, ಮುತ್ತಿನ ಹೊಳಪಿನ ಪೇಂಟ್ ಎಲ್ಲ ಬೇಡ. ಆ ದುಡ್ಡು, ಆ ಶ್ರಮ ಎರಡನ್ನೂ ಮೇಲ್ಮೈ ಸಮತಟ್ಟು ಮಾಡುವುದಕ್ಕೆ, ಸುತ್ತ ಕಪ್ಪು ಅಂಚು ಕಟ್ಟುವುದಕ್ಕೆ, ಕೋಣೆ ಕತ್ತಲು ಮಾಡುವುದಕ್ಕೆ ಹಾಕಿ. ಕಣ್ಣಿಗೆ ವ್ಯತ್ಯಾಸ ಕಾಣುವುದು ಅಲ್ಲೇ.

1. ಮೊದಲು ಕೋಣೆ ನೋಡಿ, ಅಂಗಡಿಗೆ ಆಮೇಲೆ ಹೋಗಿ

ಪ್ರೊಜೆಕ್ಟರ್ ಬೆಳಕು ಹಾಕಬಲ್ಲದು, ಕತ್ತಲು ಹಾಕಲಾರದು. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಚಿತ್ರದಲ್ಲಿ ಕಪ್ಪು ಇರುವ ಜಾಗಕ್ಕೆ ಪ್ರೊಜೆಕ್ಟರ್ ಬೆಳಕು ಹಾಕುವುದಿಲ್ಲ, ಅಥವಾ ತೀರಾ ಕಡಿಮೆ ಹಾಕುತ್ತದೆ. ಹಾಗಾಗಿ ಕೋಣೆಯ ಬೆಳಕಿನಲ್ಲಿ ನಿಮ್ಮ ಪರದೆ ಎಷ್ಟು ಕಪ್ಪಗೆ ಕಾಣುತ್ತದೋ, ಸಿನಿಮಾದ ಕಪ್ಪು ಅದಕ್ಕಿಂತ ಕಪ್ಪಗಾಗಲು ಸಾಧ್ಯವೇ ಇಲ್ಲ. ಹಗಲು ಕಿಟಕಿ ತೆರೆದಿಟ್ಟು ಬಿಳಿ ಪರದೆ ನೋಡಿ. ಆ ಬಿಳಿಯೇ ಆಗ ನಿಮ್ಮ "ಕಪ್ಪು".

ಕೋಣೆಯಲ್ಲಿ ಎರಡು ಬಗೆಯ ಬೆಳಕು ಪರದೆ ಕೆಡಿಸುತ್ತದೆ. ಕಿಟಕಿ, ಬಲ್ಬು, ಬಾಗಿಲ ಸಂದಿಯಿಂದ ಬರುವುದು ಒಂದು, ಅದು ಎಲ್ಲರಿಗೂ ಗೊತ್ತು. ಇನ್ನೊಂದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಚಿತ್ರದ ಬೆಳಕೇ. ಪರದೆಯಿಂದ ಹೊರಟು ಬಿಳಿ ಗೋಡೆಗೆ, ಸೀಲಿಂಗಿಗೆ, ನೆಲದ ಟೈಲ್ಸ್‌ಗೆ ಬಡಿದು ಮತ್ತೆ ಪರದೆಗೆ ಬಂದು ಬೀಳುತ್ತದೆ. ಪೂರ್ತಿ ಕತ್ತಲು ಮಾಡಿ, ಹಿಮದ ದೃಶ್ಯವೋ ಹಗಲಿನ ಆಕಾಶವೋ ಇರುವ ಚಿತ್ರ ಹಾಕಿ ಸೀಲಿಂಗ್ ಕಡೆ ತಲೆ ಎತ್ತಿ ನೋಡಿ. ಸೀಲಿಂಗ್ ಬೆಳಗುತ್ತಿದ್ದರೆ ಅದು ನಿಮ್ಮ ಪರದೆಗೆ ಹಿಡಿದ ದೀಪ ಅಂತಲೇ ತಿಳಿಯಿರಿ.

ಇದಕ್ಕೆ ಪರಿಹಾರ ಪರದೆಯಲ್ಲಿಲ್ಲ. ಪರದೆಯ ಹತ್ತಿರದ ಮೂರು ನಾಲ್ಕು ಅಡಿ ಸೀಲಿಂಗ್ ಮತ್ತು ಪಕ್ಕದ ಗೋಡೆಗಳಿಗೆ ಹೊಳಪಿಲ್ಲದ ಗಾಢ ಬಣ್ಣ ಹೊಡೆಯಿರಿ, ಅದಾಗದಿದ್ದರೆ ಗಾಢ ಬಣ್ಣದ ಕರ್ಟನ್ ಎಳೆಯಿರಿ. ನೆಲಕ್ಕೆ ಒಂದು ಜಮಖಾನ ಹಾಸಿದರೂ ಆಯಿತು. ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ ಅನ್ನುವವರು ಮೂರನೇ ಹಂತದಲ್ಲಿ ಬೂದು ಪರದೆಯ ಬಗ್ಗೆ ಬರೆದದ್ದನ್ನು ಗಮನವಿಟ್ಟು ಓದಿ.

2. ಅಳತೆ ಮತ್ತು ಬೆಳಕಿನ ಲೆಕ್ಕ

ಪರದೆಯ ಅಳತೆ ಹೇಳುವುದು ಮೂಲೆಯಿಂದ ಮೂಲೆಗೆ. ಈಗಿನ ಪ್ರೊಜೆಕ್ಟರ್‌ಗಳ ಚಿತ್ರ ಹೆಚ್ಚಾಗಿ 16:9, ಅಂದರೆ 16 ಪಾಲು ಅಗಲಕ್ಕೆ 9 ಪಾಲು ಎತ್ತರ. ಮೂಲೆ ಅಳತೆಯನ್ನು 0.87ರಿಂದ ಗುಣಿಸಿದರೆ ಅಗಲ, 0.49ರಿಂದ ಗುಣಿಸಿದರೆ ಎತ್ತರ ಬರುತ್ತದೆ. 100 ಇಂಚಿನ ಪರದೆ ಸುಮಾರು 87 ಇಂಚು ಅಗಲ, 49 ಇಂಚು ಎತ್ತರ. 120 ಇಂಚಿನದು 105ಕ್ಕೆ 59. 92 ಇಂಚಿನದು 80ಕ್ಕೆ 45, ಈ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಬೆಳಕು. ಪ್ರೊಜೆಕ್ಟರ್ ಹೊರಹಾಕುವ ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಅದನ್ನು ಪರದೆಯ ಚದರಡಿಯಿಂದ ಭಾಗಿಸಿ, ಪರದೆಯ ಗೇನ್‌ನಿಂದ ಗುಣಿಸಿದರೆ ಫುಟ್-ಲ್ಯಾಂಬರ್ಟ್ ಸಿಗುತ್ತದೆ. ಪರದೆ ಕಣ್ಣಿಗೆ ಎಷ್ಟು ಬೆಳಗಿ ಕಾಣುತ್ತದೆ ಅನ್ನುವುದರ ಅಳತೆ ಅದು. ಗೇನ್ ಅಂದರೇನು ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ, ಸದ್ಯಕ್ಕೆ ಮ್ಯಾಟ್ ಬಿಳಿಗೆ 1 ಅಂದುಕೊಳ್ಳಿ. ಡಿಜಿಟಲ್ ಚಿತ್ರಮಂದಿರಗಳ ಗುರಿ 14 ಫುಟ್-ಲ್ಯಾಂಬರ್ಟ್, ಅದೂ ಪೂರ್ತಿ ಕತ್ತಲಲ್ಲಿ. ಮನೆಯಲ್ಲಿ ಒಂದೆರಡು ದೀಪ ಉರಿಯುತ್ತಿದ್ದರೆ ಅದರ ಎರಡರಷ್ಟಾದರೂ ಇರಲಿ.

ಲೆಕ್ಕ ಹೀಗೆ. 100 ಇಂಚಿನ ಪರದೆ ಸುಮಾರು 30 ಚದರಡಿ. ಪ್ರೊಜೆಕ್ಟರ್ ನಿಜವಾಗಿ 900 ಲ್ಯೂಮೆನ್ ಕೊಟ್ಟರೆ 30 ಫುಟ್-ಲ್ಯಾಂಬರ್ಟ್, ಚೆನ್ನಾಗಿದೆ. ಅದೇ ಪ್ರೊಜೆಕ್ಟರ್‌ಗೆ 120 ಇಂಚಿನ ಪರದೆ ಹಾಕಿದರೆ ಚದರಡಿ 43ರ ಹತ್ತಿರ ಹೋಗುತ್ತದೆ, ಬೆಳಕು 21ಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ಹೆಚ್ಚಿದ್ದು 20 ಇಂಚು ಅಷ್ಟೇ, ಬೆಳಕು ಹೋಗಿದ್ದು ಮೂರನೇ ಒಂದು ಪಾಲಿನ ಹತ್ತಿರ.

ಇಲ್ಲಿ ಬಹಳ ಜನ ಎಡವುವುದು "ನಿಜವಾಗಿ" ಅನ್ನುವ ಮಾತಿನಲ್ಲಿ. ಡಬ್ಬದ ಮೇಲಿನ ಲ್ಯೂಮೆನ್ ಸಂಖ್ಯೆ ಅತಿ ಪ್ರಖರವಾದ ಮೋಡ್‌ನದು, ಆ ಮೋಡ್‌ನಲ್ಲಿ ಮುಖಗಳು ಹಸಿರು ಹಸಿರಾಗಿ ಕಂಡರೂ ಆಶ್ಚರ್ಯವಿಲ್ಲ. ಸಿನಿಮಾ ಮೋಡ್‌ಗೆ ಬದಲಿಸಿದ ಕೂಡಲೇ ಬೆಳಕು ಸಾಕಷ್ಟು ಇಳಿಯುತ್ತದೆ. ಅಗ್ಗದ ಎಲ್‌ಇಡಿ ಪ್ರೊಜೆಕ್ಟರ್‌ಗಳ ಡಬ್ಬದಲ್ಲಿ ಬರೀ "ಲ್ಯೂಮೆನ್" ಅಂತ ಬರೆದಿದ್ದರೆ ನಂಬಬೇಡಿ, ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್, ಅಂದರೆ ಮಾನಕ ವಿಧಾನದಲ್ಲಿ ಅಳೆದದ್ದು, ಎಷ್ಟು ಅಂತ ಹುಡುಕಿ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಆದರೆ ಇನ್ನೊಂದು ವಿಷಯ. ಲ್ಯಾಂಪಿನ ಆಯುಸ್ಸು ಅಂತ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವ ತನಕದ ಗಂಟೆಗಳು. ಇವತ್ತು ಸರಿಯಾಗಿರುವ ಪರದೆ ನಾಳೆ ಮಂಕಾಗಬಾರದು ಅಂದರೆ ಸ್ವಲ್ಪ ಬೆಳಕು ಕೈಯಲ್ಲಿ ಉಳಿಸಿಕೊಂಡು ಅಳತೆ ಆರಿಸಿ.

ಕೂರುವ ದೂರವೂ ಮುಖ್ಯ. 100 ಇಂಚಿನ ಪರದೆಗೆ 10ರಿಂದ 13 ಅಡಿ ದೂರ ಹಿತವಾಗಿರುತ್ತದೆ. ಯಾವುದಕ್ಕೂ ಮೊದಲು ಗೋಡೆಯ ಮೇಲೆ ಅದೇ ಅಳತೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೀಸ್ಟೋನ್ ಬಳಸದೆ ಚಿತ್ರ ಸರಿಯಾಗಿ ಅದರೊಳಗೆ ಕೂರುತ್ತದಾ ನೋಡಿ. ಕೀಸ್ಟೋನ್ ಅಂದರೆ ಓರೆಯಾಗಿ ಬಿದ್ದ ಚಿತ್ರವನ್ನು ಪ್ರೊಜೆಕ್ಟರ್ ಒಳಗೇ ಹಿಗ್ಗಿಸಿ ಕುಗ್ಗಿಸಿ ನೇರ ಮಾಡುವುದು, ಅದರಿಂದ ಚಿತ್ರದ ಚುರುಕು ಹೋಗುತ್ತದೆ. ಕೆಲವು ಸಂಜೆ ಆ ಟೇಪಿನೊಳಗೆ ಸಿನಿಮಾ ನೋಡಿ. ಕುತ್ತಿಗೆ ನೋವು ಬಂದರೆ ಟೇಪ್ ಕೆಳಗಿಳಿಸುವುದು ಸುಲಭ, ಚೌಕಟ್ಟು ಇಳಿಸುವುದು ಕಷ್ಟ.

3. ಬಿಳಿಯೋ ಬೂದೋ

ಗೇನ್ ಅಂದರೆ ಪರದೆ ನೇರ ಎದುರಿಗೆ ಎಷ್ಟು ಬೆಳಕು ವಾಪಸ್ ಕಳಿಸುತ್ತದೆ ಅನ್ನುವ ಅನುಪಾತ. ಬಂದ ಬೆಳಕನ್ನೆಲ್ಲ ಎಲ್ಲ ದಿಕ್ಕಿಗೂ ಒಂದೇ ಸಮ ಹರಡುವ ಆದರ್ಶ ಬಿಳಿ ಮೇಲ್ಮೈಗೆ ಗೇನ್ 1. ಒಳ್ಳೆ ಮ್ಯಾಟ್ ಬಿಳಿ ಇದರ ಹತ್ತಿರ ಬರುತ್ತದೆ. ತಿಳಿ ಬೂದು 0.8 ಆಸುಪಾಸು. ಬೆಳ್ಳಿ ಬಣ್ಣ, ಮುತ್ತಿನ ಹೊಳಪು ಇದ್ದರೆ 1ಕ್ಕಿಂತ ಜಾಸ್ತಿ.

ಜಾಸ್ತಿ ಅಂದ ಕೂಡಲೇ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಪರದೆ ಬೆಳಕು ಹುಟ್ಟಿಸುವುದಿಲ್ಲ. ಪಕ್ಕಕ್ಕೆ ಹೋಗಬೇಕಾದ ಬೆಳಕನ್ನು ಎದುರಿಗೆ ತಳ್ಳುತ್ತದೆ ಅಷ್ಟೇ. ನಡುವೆ ಕೂತವರಿಗೆ ಬೆಳಗುತ್ತದೆ, ಸೋಫಾದ ತುದಿಯಲ್ಲಿ ಕೂತವರಿಗೆ ಮಂಕು. ಅದಕ್ಕಿಂತ ಕಿರಿಕಿರಿ ಹಾಟ್‌ಸ್ಪಾಟ್. ಪರದೆಯ ಮಧ್ಯೆ ಒಂದು ಕಡೆ ಬೆಳಕಿನ ಗುಡ್ಡೆ ಕಂಡು, ಅಂಚುಗಳು ಕಪ್ಪಿಡುವುದಕ್ಕೆ ಹಾಗನ್ನುತ್ತಾರೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಆ ಗುಡ್ಡೆ ಮಾತ್ರ ಅಲುಗಾಡದೆ ನಿಂತಿರುತ್ತದೆ, ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಬಿಡುವುದಿಲ್ಲ. ಮನೆಯಲ್ಲಿ ಪೇಂಟಿಗೆ ಬೆಳ್ಳಿ ಪುಡಿ ಬೆರೆಸಿ ಹೊಡೆದ ಪರದೆಗಳಲ್ಲಿ ನಾನು ಹೆಚ್ಚಾಗಿ ಕಂಡ ದೋಷ ಇದೇ. ಜೊತೆಗೆ ಚುಕ್ಕಿ ಚುಕ್ಕಿ ಮಿನುಗು ಬೇರೆ. ಪೋಲರೈಸ್ಡ್ ಕನ್ನಡಕದ 3ಡಿಗೆ ಬೆಳ್ಳಿ ಪರದೆಯೇ ಬೇಕು, ಯಾಕೆಂದರೆ ಮ್ಯಾಟ್ ಬಿಳಿಗೆ ಬಡಿದ ಬೆಳಕು ಪೋಲರೈಸೇಷನ್, ಅಂದರೆ ಎರಡು ಕಣ್ಣಿನ ಚಿತ್ರಗಳನ್ನು ಬೇರೆ ಮಾಡುವ ಗುಣ, ಕಳೆದುಕೊಳ್ಳುತ್ತದೆ. ಆ ಕಾರಣ ಇಲ್ಲದವರಿಗೆ ಬೇಡ.

ಈಗ ಬೂದು. ಇಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಬೂದು ಪರದೆ ಕೋಣೆಯ ಬೆಳಕನ್ನು ಹೀರಿ ಚಿತ್ರವನ್ನು ಉಳಿಸುತ್ತದೆ" ಅಂತ ಹೇಳುತ್ತಾರೆ. ಮ್ಯಾಟ್ ಬೂದಿಗೆ ಯಾವ ಬೆಳಕು ಬಲ್ಬಿನದು, ಯಾವುದು ಪ್ರೊಜೆಕ್ಟರಿನದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಪಾಲಿನಲ್ಲಿ ಕಡಿಮೆ ಮಾಡುತ್ತದೆ. ಬಲ್ಬಿನ ಬೆಳಕು ನೇರ ಪರದೆಗೆ ಬೀಳುತ್ತಿದ್ದರೆ ಕಪ್ಪು ಬಿಳಿಗಳ ಅಂತರ, ಅಂದರೆ ಕಾಂಟ್ರಾಸ್ಟ್, ಬೂದಿನಿಂದ ಒಂದಿಷ್ಟೂ ಸುಧಾರಿಸುವುದಿಲ್ಲ.

ಹಾಗಾದರೆ ಬೂದಿನಿಂದ ಏನು ಲಾಭ? ಎರಡು ಕಡೆ ಲಾಭ ಇದೆ. ಪ್ರೊಜೆಕ್ಟರ್‌ನಲ್ಲಿ ಬೆಳಕು ಬೇಕಾದ್ದಕ್ಕಿಂತ ಜಾಸ್ತಿ ಇದ್ದು, ಕತ್ತಲ ಕೋಣೆಯಲ್ಲೂ ಕಪ್ಪು ಬೂದಿಯಂತೆ ಕಾಣುತ್ತಿದ್ದರೆ, ಬೂದು ಪರದೆ ಇಡೀ ಚಿತ್ರವನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತದೆ, ಕಪ್ಪು ಕಣ್ಣಿಗೆ ಕಪ್ಪೆನಿಸುತ್ತದೆ. ಎರಡನೆಯದು ಬಿಳಿ ಗೋಡೆಗಳ ಕೋಣೆಯಲ್ಲಿ. ಒಂದನೇ ಹಂತದಲ್ಲಿ ಹೇಳಿದ ಆ ಬಡಿದು ವಾಪಸ್ ಬರುವ ಬೆಳಕು ನೆನಪಿದೆಯಲ್ಲ? ಚಿತ್ರದ ಬೆಳಕು ಬೂದಿಗೆ ಒಂದು ಸಲ ಬಡಿದು ಕಣ್ಣಿಗೆ ಬರುತ್ತದೆ. ವಾಪಸ್ ಬರುವ ಬೆಳಕು ಎರಡು ಸಲ ಬಡಿಯಬೇಕು, ಹಾಗಾಗಿ ಎರಡು ಸಲ ಕಡಿತ. 0.8 ಗೇನ್ ಇದ್ದರೆ ಚಿತ್ರಕ್ಕೆ 0.8, ತೊಂದರೆಯ ಬೆಳಕಿಗೆ 0.64. ಗೋಡೆ ಗಾಢ ಮಾಡಲಾಗದ ಬಾಡಿಗೆ ಮನೆಯವರಿಗೆ ಇದು ನಿಜವಾದ ಉಪಕಾರ. ಆದರೆ ಬೆಳಕಿನ ಲೆಕ್ಕದಲ್ಲಿ ಐದನೇ ಒಂದು ಪಾಲು ಕಳೆದುಕೊಳ್ಳಲು ಪ್ರೊಜೆಕ್ಟರ್‌ಗೆ ತಾಕತ್ತಿರಬೇಕು.

ಕೋಣೆಯ ಬೆಳಕನ್ನು ನಿಜವಾಗಿ ತಡೆಯುವ ಪರದೆಗಳಿಗೆ ಎಎಲ್‌ಆರ್ ಅನ್ನುತ್ತಾರೆ. ಅವುಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗಳಿದ್ದು, ಒಂದು ದಿಕ್ಕಿನ ಬೆಳಕನ್ನು ನೋಡುಗರ ಕಡೆಗೂ ಬೇರೆ ದಿಕ್ಕಿನದನ್ನು ಬೇರೆಡೆಗೂ ಕಳಿಸುತ್ತವೆ. ಅದನ್ನು ಪೇಂಟ್ ಡಬ್ಬದಿಂದ ಮಾಡಲಾಗದು. ಹಗಲಲ್ಲಿ ಬೆಳಕಿರುವ ಹಾಲ್‌ನಲ್ಲೇ ನೋಡಬೇಕು ಅನ್ನುವವರು ಮನೆಯಲ್ಲಿ ಮಾಡುವ ಯೋಚನೆ ಬಿಟ್ಟು ಅದನ್ನೇ ಕೊಳ್ಳುವುದು ವಾಸಿ.

4. ವಸ್ತುಗಳು, ಒಂದೊಂದಾಗಿ

ಬೆಡ್‌ಶೀಟ್. ಮೊದಲ ದಿನದ ಖುಷಿಗೆ ಸರಿ. ಬೆಳಕು ಹಿಂದಕ್ಕೆ ಸೋರುತ್ತದೆ, ಹಿಂದಿನ ಗೋಡೆಗೆ ಬಡಿದು ಮತ್ತೆ ಮುಂದೆ ಬಂದು ಚಿತ್ರವನ್ನು ಮಸುಕು ಮಾಡುತ್ತದೆ. ಸುಕ್ಕು ಪೂರ್ತಿ ಹೋಗುವುದೂ ಇಲ್ಲ. ಬಿಡಿ.

ಬ್ಲಾಕ್‌ಔಟ್ ಬಟ್ಟೆ. ಕರ್ಟನ್ ಹಿಂದೆ ಬಿಸಿಲು ತಡೆಯಲು ಹೊಲಿಯುವ ಲೈನಿಂಗ್ ಇದು. ಒಂದು ಕಡೆ ಬಟ್ಟೆ, ಇನ್ನೊಂದು ಕಡೆ ರಬ್ಬರಿನಂಥ ಲೇಪ. ನಡುವೆ ಕಪ್ಪು ಪದರ ಇರುವ ತ್ರೀ-ಪಾಸ್ ಬಟ್ಟೆ ಸಿಕ್ಕರೆ ಬೆಳಕು ಒಂದು ಚೂರೂ ದಾಟುವುದಿಲ್ಲ. ನನ್ನ ಮೊದಲ ಆಯ್ಕೆ ಯಾವತ್ತೂ ಇದೇ. ಶುದ್ಧ ಬಿಳಿಯನ್ನೇ ಕೇಳಿ. ಐವರಿ, ಕ್ರೀಮ್ ತೆಗೆದುಕೊಂಡರೆ ಇಡೀ ಸಿನಿಮಾ ಹಳದಿ ತಿರುಗುತ್ತದೆ. ಯಾವ ಮುಖ ಮುಂದಿರಬೇಕು ಅನ್ನುವುದನ್ನು ಐದನೇ ಹಂತದ ಪರೀಕ್ಷೆಯಲ್ಲಿ ತೀರ್ಮಾನಿಸಿ, ಕೆಲವು ಬಟ್ಟೆಗಳಲ್ಲಿ ಲೇಪದ ಕಡೆ ನುಣುಪು ಜಾಸ್ತಿ, ಕೆಲವದರಲ್ಲಿ ಅದೇ ಕಡೆ ಹೊಳಪೂ ಇರುತ್ತದೆ.

ಇದರ ದೊಡ್ಡ ಮಿತಿ ಅಗಲ. 54 ಇಂಚಿನ ಅಗಲ ಬಹಳ ಸಾಮಾನ್ಯ. 100 ಇಂಚಿನ ಪರದೆಯ ಎತ್ತರವೇ 49, ಚೌಕಟ್ಟಿನ ಹಿಂದಕ್ಕೆ ಮಡಚಲು ಮೇಲೆ ಕೆಳಗೆ ಉಳಿಯುವುದು ಎರಡೂವರೆ ಇಂಚು ಮಾತ್ರ. ರೀಪಿನ ದಪ್ಪ ಸುತ್ತಿ ಹಿಂದೆ ಪಿನ್ನು ಹೊಡೆಯಲು ಅದು ತೀರಾ ಬಿಗಿ. 92 ಇಂಚಿನ ಪರದೆಗಾದರೆ ಎರಡೂ ಕಡೆ ನಾಲ್ಕು ಇಂಚು ದಾಟಿ ಸಿಗುತ್ತದೆ, ಕೈಗೆ ಹಿಡಿತ ಬರುತ್ತದೆ. ಅದಕ್ಕಿಂತ ದೊಡ್ಡದು ಬೇಕಿದ್ದರೆ ಅಗಲದ ಥಾನು ಹುಡುಕಿ. ಎರಡು ತುಂಡು ಹೊಲಿದು ಜೋಡಿಸುವ ಯೋಚನೆ ಮಾತ್ರ ಬೇಡ, ಹೊಲಿಗೆ ಗೆರೆ ಪ್ರತಿ ದೃಶ್ಯದಲ್ಲೂ ಕಾಣುತ್ತದೆ. ಅಂಗಡಿಯವರಿಗೆ ಮಡಚಬೇಡಿ, ಕೊಳವೆಗೆ ಸುತ್ತಿ ಕೊಡಿ ಅಂತ ಹೇಳುವುದನ್ನು ಮರೆಯಬೇಡಿ. ಲೇಪದ ಮೇಲೆ ಬಿದ್ದ ಮಡಿಕೆ ಗುರುತು ಹೋಗಿಸುವುದು ಕಷ್ಟ.

ಹಿಗ್ಗುವ ಬಟ್ಟೆ, ಅಂದರೆ ಸ್ಪ್ಯಾಂಡೆಕ್ಸ್ ಅಥವಾ ಲೈಕ್ರಾ. ಸ್ಪೀಕರ್‌ಗಳನ್ನು ಪರದೆಯ ಹಿಂದೆ ಇಡುವವರಿಗೆ ಇದು. ಶಬ್ದ ದಾಟುತ್ತದೆ, ಮಾತು ನೇರ ಪಾತ್ರದ ಬಾಯಿಂದಲೇ ಬಂದ ಹಾಗೆ ಕೇಳುತ್ತದೆ. ಎಳೆದು ಬಿಗಿದಾಗ ಸುಕ್ಕು ತಾನಾಗಿ ಮಾಯ. ಆದರೆ ಶಬ್ದ ದಾಟುವ ಕಡೆ ಬೆಳಕೂ ದಾಟುತ್ತದೆ. ಎರಡು ಪದರ ಹಾಕಿ, ಹಿಂದೆ ಇರುವುದೆಲ್ಲ ಕಪ್ಪಗಿರಲಿ, ಸ್ಪೀಕರ್‌ನ ಹೊಳೆಯುವ ಭಾಗಗಳೂ ಸೇರಿ. ನೇಯ್ಗೆಯ ಗೆರೆ ಮತ್ತು ಚಿತ್ರದ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಅಲೆ ಅಲೆಯಾಗಿ ಕಂಡರೆ ಅದಕ್ಕೆ ಮೋಯರೆ ಅನ್ನುತ್ತಾರೆ. ಬಟ್ಟೆಯನ್ನು ಸ್ವಲ್ಪ ಓರೆಯಾಗಿ, ಹತ್ತು ಹದಿನೈದು ಡಿಗ್ರಿ ತಿರುಗಿಸಿ ಬಿಗಿದರೆ ಹೆಚ್ಚಾಗಿ ಹೋಗುತ್ತದೆ.

ಫ್ಲೆಕ್ಸ್, ವಿನೈಲ್. ದೊಡ್ಡ ಅಗಲದಲ್ಲಿ ಸಿಗುತ್ತದೆ, ಬಾಳಿಕೆ ಬರುತ್ತದೆ, ಹೊರಾಂಗಣಕ್ಕೆ ಒಳ್ಳೆಯದು. ಹೊಳಪಿನದ್ದು ತಂದರೆ ಪ್ರೊಜೆಕ್ಟರ್ ಲೆನ್ಸ್ ಅದರಲ್ಲಿ ಮಿನುಗುತ್ತದೆ. ಮ್ಯಾಟ್ ಮೇಲ್ಮೈ, ಹಿಂದೆ ಕಪ್ಪು ಇರುವುದು ಸಿಕ್ಕರೆ ಮಾತ್ರ ತನ್ನಿ. ಹೊರಗೆ ಕಟ್ಟುವಾಗ ಗಾಳಿಗೆ ಪರದೆ ಹಾಯಿಯಾಗುತ್ತದೆ, ನಾಲ್ಕು ಮೂಲೆ ಸಾಲದು, ಸುತ್ತಲೂ ಅಂಚಿನ ತೂತುಗಳಿಗೆ ಹಗ್ಗ ಹಾಕಿ ಕಟ್ಟಿ.

ಹಲಗೆಗಳು: ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪ್ಲೈವುಡ್, ಮ್ಯಾಟ್ ಬಿಳಿ ಲ್ಯಾಮಿನೇಟ್. ಸಮತಟ್ಟು ಅಂದರೆ ಹಲಗೆಯೇ ಸಮತಟ್ಟು. ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್ ಇದ್ದವರಿಗೆ, ಅಂದರೆ ಪರದೆಯ ಬುಡದಲ್ಲೇ ಇಟ್ಟು ಮೇಲಕ್ಕೆ ಬೆಳಕು ಹಾಯಿಸುವ ಬಗೆಯದಕ್ಕೆ, ಬಟ್ಟೆ ಬೇಡವೇ ಬೇಡ. ಸಂಜೆ ಬಿಸಿಲಿನಲ್ಲಿ ಸಣ್ಣ ಕಲ್ಲಿಗೂ ಉದ್ದ ನೆರಳು ಬೀಳುವ ಹಾಗೆ, ಅಷ್ಟು ಓರೆ ಬೆಳಕಿಗೆ ಬಟ್ಟೆಯ ಒಂದು ಮಿಲಿಮೀಟರ್ ಉಬ್ಬೂ ಚಿತ್ರವನ್ನು ಸೊಟ್ಟ ಮಾಡುತ್ತದೆ. ಹಲಗೆಯ ಸಾಮಾನ್ಯ ಅಳತೆ 8ಕ್ಕೆ 4 ಅಡಿ. 48 ಇಂಚಿನ ಎತ್ತರದಲ್ಲಿ ಒಂದೂವರೆ ಇಂಚಿನ ಕಪ್ಪು ಅಂಚು ಮೇಲೆ ಕೆಳಗೆ ಕಳೆದರೆ 45 ಉಳಿಯುತ್ತದೆ. ಮತ್ತೆ ಅದೇ 92 ಇಂಚಿನ ಪರದೆ, ಜೋಡಣೆಯ ಗೆರೆ ಇಲ್ಲದೆ. ತೂಕ ಗಮನದಲ್ಲಿರಲಿ, 12 ಮಿಲಿಮೀಟರ್ ಎಂಡಿಎಫ್‌ನ ಪೂರ್ತಿ ಹಲಗೆ 25 ಕೆಜಿ ದಾಟುತ್ತದೆ. ತರುವ ಮೊದಲು ಮೆಟ್ಟಿಲ ತಿರುವು, ಬಾಗಿಲು ಅಳೆಯಿರಿ. ಎಂಡಿಎಫ್ ತೇವ ಹೀರಿ ಬಾಗುತ್ತದೆ, ಹಾಗಾಗಿ ಪೇಂಟ್ ಹೊಡೆಯುವುದಾದರೆ ಹಿಂಬದಿ ಮತ್ತು ಅಂಚುಗಳಿಗೂ ಪ್ರೈಮರ್ ಹಾಕಿ. ಕೊಯ್ಯುವಾಗ ಮಾಸ್ಕ್ ಕಡ್ಡಾಯ. ಲ್ಯಾಮಿನೇಟ್ ಅಂಟಿಸಿದರೆ ಪೇಂಟಿನ ಗೋಜೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಆದರೆ "ಮ್ಯಾಟ್" ಅಂತ ಕೊಡುವ ಶೀಟ್‌ಗಳಲ್ಲೂ ಕೆಲವು ಮಿರುಗುತ್ತವೆ, ತುಂಡು ತಂದು ನೋಡದೆ ಕೊಳ್ಳಬೇಡಿ.

ಗೋಡೆಗೆ ಪೇಂಟ್. ಗೋಡೆ ನುಣುಪಾಗಿದ್ದರೆ ಎಲ್ಲಕ್ಕಿಂತ ಕಡಿಮೆ ಖರ್ಚು. 100 ಇಂಚಿನ ಜಾಗ ಮೂರು ಚದರ ಮೀಟರ್‌ಗಿಂತ ಕಡಿಮೆ, ಎರಡು ಕೋಟ್‌ಗೂ ಒಂದು ಲೀಟರ್ ಸಾಕಾಗುತ್ತದೆ. ಡಬ್ಬದ ಮೇಲೆ ಮ್ಯಾಟ್ ಅಥವಾ ಫ್ಲ್ಯಾಟ್ ಅಂತಲೇ ಇರಬೇಕು. ಸ್ಯಾಟಿನ್, ಸಿಲ್ಕ್, ಎಗ್‌ಶೆಲ್ ಎಲ್ಲವೂ ಹೊಳಪಿನ ಬಗೆಗಳು. ಬೂದು ಬೇಕಿದ್ದರೆ ಬಿಳಿಗೆ ಕಪ್ಪು ಸುಮ್ನೆ ಬೆರೆಸಬೇಡಿ, ಹೆಚ್ಚಾಗಿ ಅದು ನೀಲಿ ಛಾಯೆಗೆ ತಿರುಗುತ್ತದೆ. ಫೋಟೋದವರು ಬಳಸುವ ಬೂದು ಕಾರ್ಡ್ ಪಕ್ಕ ಹಿಡಿದು, ಬಣ್ಣದ ಛಾಯೆ ಇಲ್ಲದ ಬೂದನ್ನು ಯಂತ್ರದಲ್ಲಿ ಬೆರೆಸಿಸಿಕೊಳ್ಳಿ.

5. ತುಂಡು ತಂದು ಪರೀಕ್ಷಿಸಿ

ಈ ಹಂತ ಯಾರೂ ಬಿಡಬೇಡಿ. ಒಂದೊಂದು ಅಡಿಯ ತುಂಡು ತನ್ನಿ, ಪೇಂಟ್ ಆದರೆ ದಪ್ಪ ರಟ್ಟಿಗೆ ಹೊಡೆದು ಒಣಗಿಸಿ. ಮೊದಲು ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ, ಬೆಳಕು ಸೋರುತ್ತದಾ ಗೊತ್ತಾಗುತ್ತದೆ. ಆಮೇಲೆ ಎಲ್ಲ ತುಂಡುಗಳನ್ನೂ ಗೋಡೆಗೆ ಅಕ್ಕಪಕ್ಕ ಅಂಟಿಸಿ, ನಡುವೆ ಒಂದು ಮಾಮೂಲಿ ಬಿಳಿ ಪ್ರಿಂಟರ್ ಕಾಗದವೂ ಇರಲಿ, ಹೋಲಿಸಲು.

ಪೂರ್ತಿ ಬಿಳಿ ಚಿತ್ರ ಹಾಕಿ, ಆಮೇಲೆ ನಡುಬೂದು, ಆಮೇಲೆ ಮನುಷ್ಯರ ಮುಖ ಇರುವ ದೃಶ್ಯ. ಬಣ್ಣದ ಛಾಯೆ ಬೂದು ಚಿತ್ರದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಸೋಫಾದ ಎಲ್ಲ ಜಾಗದಲ್ಲೂ ಕೂತು ನೋಡಿ. ನೀವು ಸರಿದ ಹಾಗೆ ಯಾವುದಾದರೂ ತುಂಡು ಬೆಳಗಿ ಮಂಕಾಗುತ್ತಿದ್ದರೆ ಅದರಲ್ಲಿ ಹೊಳಪಿದೆ. ಬಟ್ಟೆಯ ಎರಡೂ ಮುಖ ನೋಡಿ. ನೇಯ್ಗೆ ಒರಟಾಗಿದೆಯಾ ಅಂತಲೂ ಗಮನಿಸಿ. 100 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿ ಚಿತ್ರದ ಒಂದು ಚುಕ್ಕಿ 1.15 ಮಿಲಿಮೀಟರ್, 4ಕೆ ಆದರೆ ಅದರ ಅರ್ಧ. ಬಟ್ಟೆಯ ಎಳೆಯಾಗಲಿ, ಗೋಡೆಯ ತರಿಯಾಗಲಿ ಅದಕ್ಕಿಂತ ಬಹಳ ಸಣ್ಣದಿರಬೇಕು, ಇಲ್ಲವಾದರೆ 4ಕೆಗೆ ಕೊಟ್ಟ ದುಡ್ಡು ದಂಡ.

6. ಚೌಕಟ್ಟು

1ಕ್ಕೆ 3 ಇಂಚಿನ ಒಣಗಿದ ಮರದ ರೀಪು ಸಾಕು. ತರುವಾಗ ಪ್ರತಿಯೊಂದನ್ನೂ ತುದಿಯಿಂದ ಒಂದೇ ಕಣ್ಣಲ್ಲಿ ನೋಡಿ, ಬಾಗಿದ್ದನ್ನು ಅಲ್ಲೇ ಬಿಡಿ. ಎಳೆದ ಬಟ್ಟೆಯ ಬಿಗಿತಕ್ಕೆ ಉದ್ದದ ರೀಪು ಒಳಕ್ಕೆ ಬಾಗುತ್ತದೆ, ಅದಕ್ಕೆ ನಡುವೆ ಒಂದು ಆಧಾರದ ರೀಪು ಕೊಡಲೇಬೇಕು. ಆ ಆಧಾರ ಬಟ್ಟೆಗೆ ತಾಗಬಾರದು, ಹಿಂದಕ್ಕೆ ಸರಿದಿರಲಿ, ತಾಗಿದರೆ ಅದರ ಗೆರೆ ಪರದೆಯಲ್ಲಿ ಮೂಡುತ್ತದೆ. ಚೌಕಟ್ಟಿನ ಹೊರ ಅಂಚಿಗೆ ಸಣ್ಣ ದುಂಡು ಪಟ್ಟಿ ಹೊಡೆದರೆ ಇನ್ನೂ ಒಳ್ಳೆಯದು, ಆಗ ಬಟ್ಟೆ ಆ ಪಟ್ಟಿಗೆ ಮಾತ್ರ ತಾಗಿ ಉಳಿದಲ್ಲೆಲ್ಲ ಗಾಳಿಯಲ್ಲಿರುತ್ತದೆ.

ಮೂಲೆಗಳಿಗೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ. ಪೂರ್ತಿ ಬಿಗಿಯುವ ಮೊದಲು ಎರಡೂ ಕಡೆಯ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎರಡು ಅಳತೆಯೂ ಒಂದೇ ಬಂದರೆ ಚೌಕಟ್ಟು ನೇರ ಇದೆ. ಮೂಲೆಮಟ್ಟಕ್ಕಿಂತ ಇದನ್ನು ನಂಬಿ. ಮುಂಭಾಗಕ್ಕೆ ಮ್ಯಾಟ್ ಕಪ್ಪು ಹೊಡೆದು, ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿ.

7. ಬಟ್ಟೆ ಬಿಗಿಯುವುದು, ಅಥವಾ ಪೇಂಟ್ ಹೊಡೆಯುವುದು

ಬಟ್ಟೆಯಾದರೆ: ನೆಲ ಗುಡಿಸಿ, ತೊಳೆದ ಬೆಡ್‌ಶೀಟ್ ಹಾಸಿ, ಅದರ ಮೇಲೆ ಪರದೆಯ ಮುಖ ಕೆಳಗೆ ಮಾಡಿ ಹರಡಿ. ಚೌಕಟ್ಟನ್ನು ಮೇಲಿಡಿ. ಮೊದಲ ಪಿನ್ನು ಮೇಲಿನ ರೀಪಿನ ನಟ್ಟನಡುವೆ, ಎರಡನೆಯದು ಅದಕ್ಕೆ ಎದುರು ಕೆಳಗೆ, ಆಮೇಲೆ ಎಡ ಬಲ. ಅಲ್ಲಿಂದ ಮೂಲೆಗಳ ಕಡೆ ಸಾಗಿ, ಒಂದು ಪಿನ್ನು ಇತ್ತ, ಅದರ ಎದುರಿನದು ಅತ್ತ, ಪ್ರತಿ ಸಲವೂ ಒಂದೇ ಬಿಗಿತಕ್ಕೆ ಎಳೆಯುತ್ತಾ. ಎರಡು ಇಂಚಿಗೊಂದು ಪಿನ್ನು ಸಾಕು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆ ಓರೆ ಎಳೆದುಕೊಂಡು ಮೂಲೆಯಿಂದ ಗೆರೆಗಳು ಬೀಳುತ್ತವೆ, ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ. ಮೂಲೆಗಳು ಕೊನೆಗೆ. ಉಳಿದ ಸಣ್ಣ ಸುಕ್ಕಿಗೆ ಹೇರ್ ಡ್ರೈಯರ್ ಅನ್ನು ದೂರದಿಂದ, ಹಿಂಬದಿಯಿಂದ ಹಿಡಿಯಿರಿ. ಇಸ್ತ್ರಿ ಪೆಟ್ಟಿಗೆಯನ್ನು ಲೇಪಕ್ಕೆ ನೇರ ತಾಗಿಸಿದರೆ ಲೇಪ ಕರಗಿ ಅಂಟಿಕೊಳ್ಳುತ್ತದೆ.

ಪೇಂಟ್ ಆದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಪೇಂಟಿಗೆ ಮೊದಲೇ ಇದೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಗೋಡೆಗೆ ಒತ್ತಿ ಪಕ್ಕದಿಂದ ಬೆಳಕು ಹಾಯಿಸಿ. ಹಗಲಲ್ಲಿ ನುಣುಪಾಗಿ ಕಂಡ ಗೋಡೆಯಲ್ಲಿ ಗುಂಡಿ, ಉಬ್ಬು, ಹಳೇ ಕುಂಚದ ಗೆರೆ ಎಲ್ಲ ಎದ್ದು ಕಾಣುತ್ತವೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪುಟ್ಟಿ ತುಂಬಿ, 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಧೂಳು ಒರೆಸಿ, ಮತ್ತೆ ಟಾರ್ಚ್ ಹಿಡಿಯಿರಿ. ಟಾರ್ಚ್ ಒಪ್ಪಿದ ಮೇಲೆ ಪ್ರೈಮರ್, ಅದು ಒಣಗಿದ ಮೇಲೆ ಎರಡು ತೆಳು ಕೋಟ್ ಪೇಂಟ್. ಗಿಡ್ಡ ಕೂದಲಿನ ರೋಲರ್ ಬಳಸಿ, ಉದ್ದ ಕೂದಲಿನದ್ದು ಕಿತ್ತಳೆ ಸಿಪ್ಪೆಯಂಥ ತರಿ ಬಿಡುತ್ತದೆ. ಮೇಲಿಂದ ಕೆಳಗೆ ಒಂದೇ ದಿಕ್ಕಿನಲ್ಲಿ, ಹಿಂದಿನ ಪಟ್ಟಿ ಹಸಿ ಇರುವಾಗಲೇ ಮುಂದಿನ ಪಟ್ಟಿ ಅದರ ಮೇಲೆ ಸ್ವಲ್ಪ ಹತ್ತುವ ಹಾಗೆ ಎಳೆಯಿರಿ. ನಡುವೆ ಊಟಕ್ಕೆ ಎದ್ದು ಹೋಗಬೇಡಿ. ಒಣಗಿದ ಮೇಲೆ ಅಲ್ಲೊಂದು ಇಲ್ಲೊಂದು ತೇಪೆ ಹಚ್ಚುವುದೂ ಬೇಡ, ತೇಪೆಯ ಜಾಗ ಬೇರೆ ಹೊಳಪಿನಲ್ಲಿ ಕಾಣುತ್ತದೆ. ಇಡೀ ಕೋಟ್ ಮತ್ತೊಮ್ಮೆ ಹೊಡೆಯುವುದೇ ದಾರಿ.

8. ಕಪ್ಪು ಅಂಚು, ತೂಗುಹಾಕುವುದು, ನೋಡಿಕೊಳ್ಳುವುದು

ಪರದೆಯ ಸುತ್ತ ಎರಡು ಮೂರು ಇಂಚಿನ ಕಪ್ಪು ವೆಲ್ವೆಟ್ ಪಟ್ಟಿ ಕಟ್ಟಿ. ಚಿತ್ರವನ್ನು ಅಂಚಿನ ಮೇಲೆ ಅರ್ಧ ಇಂಚು ಹತ್ತಿಸಿ ಇಟ್ಟರೆ ಚಿತ್ರದ ಅಂಚು ಕತ್ತರಿಸಿದ ಹಾಗೆ ಚೊಕ್ಕಟವಾಗುತ್ತದೆ, ಹೊರಬಿದ್ದ ಬೆಳಕನ್ನು ವೆಲ್ವೆಟ್ ನುಂಗುತ್ತದೆ. ಕಪ್ಪು ಪೇಂಟ್ ಅಷ್ಟು ನುಂಗುವುದಿಲ್ಲ. ಪಕ್ಕದಲ್ಲಿ ಅಷ್ಟು ಗಾಢ ಕಪ್ಪು ಇದ್ದಾಗ ಅದೇ ಚಿತ್ರ ಕಣ್ಣಿಗೆ ಹೆಚ್ಚು ಚುರುಕಾಗಿ ಕಾಣುತ್ತದೆ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಡುವ ಕೆಲಸ ಈ ಪಟ್ಟಿಯಲ್ಲಿ ಬೇರೆ ಇಲ್ಲ, ಆದರೂ ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ತೂಗುಹಾಕುವಾಗ ಗೋಡೆಗೆ ತಕ್ಕ ಆ್ಯಂಕರ್ ಬಳಸಿ, ಹಲಗೆಯ ಪರದೆಗೆ ಎರಡು ಕೊಕ್ಕೆ ಸಾಲದು, ಉದ್ದಕ್ಕೆ ಒಂದು ಆಧಾರ ಪಟ್ಟಿ ಕೊಡಿ. ರಸಮಟ್ಟ ಇಟ್ಟು ನೋಡಿ, ಆದರೆ ಕೊನೆಯ ಹೊಂದಿಕೆ ಪ್ರೊಜೆಕ್ಟರ್‌ನ ಗೆರೆಚೌಕದ ಚಿತ್ರ ಹಾಕಿಯೇ ಮಾಡಿ. ಬ್ಲಾಕ್‌ಔಟ್ ಬಟ್ಟೆ ಕೆಲವು ವಾರದಲ್ಲಿ ಸ್ವಲ್ಪ ಸಡಿಲಬಹುದು, ಆಗ ಕೆಳಗಿನ ಬದಿಯ ಪಿನ್ನುಗಳನ್ನು ಬಿಚ್ಚಿ ಇನ್ನೊಮ್ಮೆ ಎಳೆದು ಹೊಡೆಯಿರಿ.

ಧೂಳಿಗೆ ಮೆತ್ತನೆಯ ಒಣ ಬ್ರಷ್. ಕಲೆ ಬಿದ್ದರೆ ಬಟ್ಟೆ ಮತ್ತು ಮ್ಯಾಟ್ ಪೇಂಟ್ ಎರಡನ್ನೂ ಉಜ್ಜಬೇಡಿ, ಉಜ್ಜಿದ ಜಾಗ ಹೊಳೆಯಲು ಶುರುವಾಗುತ್ತದೆ. ಸ್ವಲ್ಪವೇ ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಿರಿ. ಪೇಂಟ್ ಪರದೆಯಲ್ಲಿ ಅದೂ ಆಗದಿದ್ದರೆ ಇನ್ನೊಂದು ಕೋಟ್ ಹೊಡೆಯಬೇಕಾಗುತ್ತದೆ, ಅದಕ್ಕೇ ಉಳಿದ ಪೇಂಟನ್ನು ಡಬ್ಬ ಬಿಗಿಯಾಗಿ ಮುಚ್ಚಿ, ಮೇಲೆ ಬಣ್ಣದ ಸಂಖ್ಯೆ ಬರೆದು ಎತ್ತಿಡಿ.